ಬಳ್ಳಾರಿಯಲ್ಲಿ ತೆಲುಗು ಕಲಿಯುವವರಿಗೆ: ಹುಮ್ಮಸ್ಸು ನಡುವೆಯೇ ಬತ್ತದಿರಲು

ಬಳ್ಳಾರಿಯಲ್ಲಿ ತೆಲುಗು ಕಲಿಯಲು ಹೊರಟವರು ಮುಗ್ಗರಿಸುವುದು ವ್ಯಾಕರಣದಲ್ಲಲ್ಲ. ಕಷ್ಟಪಟ್ಟು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಅಂಗಡಿಯವರು ಸಲೀಸಾಗಿ ಕನ್ನಡಕ್ಕೆ ಹೊರಳಿಬಿಡುತ್ತಾರೆ. ಅವರಿಗೆ ಎರಡೂ ಭಾಷೆ ಬರುತ್ತದೆ, ಅದು ಅವರ ಸೌಜನ್ಯ. ಕಲಿಯುವವರಿಗೆ ಮಾತ್ರ ತಮ್ಮ ತೆಲುಗು ಚೆನ್ನಾಗಿಲ್ಲ ಅನ್ನಿಸಿ ಬಾಯಿ ಕಟ್ಟುತ್ತದೆ.

ಆದ್ದರಿಂದ ಮೊದಲು, ಯಾಕೆ ಕಲಿಯುತ್ತಿದ್ದೀರಿ ಎಂದು ಬರೆದಿಡಿ. ಕೆನಡಾದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ 1972ರ ತಮ್ಮ ಪುಸ್ತಕದಲ್ಲಿ ಎರಡು ಬಗೆಯ ಪ್ರೇರಣೆ ಗುರುತಿಸಿದರು: ಕೆಲಸ, ಸಂಪಾದನೆಗಾಗಿ ಕಲಿಯುವುದು; ಆ ಭಾಷೆಯ ಜನರೊಂದಿಗೆ ಬೆರೆಯಲು ಕಲಿಯುವುದು. ಫಿಲಿಪೈನ್ಸ್‌ನ ಇಂಗ್ಲಿಷ್ ಕಲಿಕೆಯಲ್ಲಿ ಮೊದಲನೆಯದೂ ಚೆನ್ನಾಗಿ ಫಲ ಕೊಟ್ಟಿತ್ತು, ಹಾಗಾಗಿ ಅದನ್ನು ಕೀಳಾಗಿ ಕಾಣಬೇಡಿ. ಆದರೆ ಬರೀ 'ವ್ಯಾಪಾರಕ್ಕೆ' ಎಂದು ಬರೆದರೆ ಸಾಲದು. 'ಗುಂತಕಲ್ಲಿನ ಗಿರಾಕಿ ಫೋನ್ ಮಾಡಿದರೆ ಜೀನ್ಸ್‌ನ ಅಳತೆ, ದರ, ಮಾಲು ತಲುಪುವ ದಿನ ನಾನೇ ಹೇಳಬೇಕು' ಎನ್ನುವಷ್ಟು ಖಚಿತವಾಗಿರಲಿ. ಅಷ್ಟು ಬಂದಮೇಲೆ ಈ ಪ್ರೇರಣೆ ತಣ್ಣಗಾಗುತ್ತದೆ. ಮುಂದಕ್ಕೆ ಹೋಗಬೇಕೆಂದರೆ ಜನರ ಒಡನಾಟವೇ ಬೇಕು.

ಅದಕ್ಕೆ ಒಬ್ಬರನ್ನು ಆರಿಸಿಕೊಳ್ಳಿ, ದಿನಕ್ಕೆ 10 ನಿಮಿಷ ಸಾಕು. ಶುರುವಿನಲ್ಲೇ ಕೇಳಿಕೊಳ್ಳಿ: 'ತೆಲುಗುಲೋನೇ ಮಾಟ್ಲಾಡಂಡಿ, ನೇರ್ಚುಕುಂಟುನ್ನಾನು' (ತೆಲುಗಿನಲ್ಲೇ ಮಾತಾಡಿ, ಕಲಿಯುತ್ತಿದ್ದೇನೆ). ಕೇಳದಿದ್ದರೆ ಎರಡನೇ ವಾಕ್ಯಕ್ಕೇ ಕನ್ನಡ ಬರುತ್ತದೆ. ನಡುವೆ ತಿದ್ದಬೇಡಿ ಎಂದೂ ಹೇಳಿ; ಕೊನೆಯಲ್ಲಿ ಎರಡೇ ತಪ್ಪು ತಿಳಿಸಲಿ. ಪ್ರತಿ ಮಾತಿಗೂ ತಡೆದರೆ ಮಾತಾಡುವ ಧೈರ್ಯವೇ ಹೋಗುತ್ತದೆ. ಹಾಗೆ ತಿದ್ದಿಸಿಕೊಳ್ಳಬೇಕಾದವುಗಳಲ್ಲಿ 'ಮೇಮು', 'ಮನಂ' ಮುಖ್ಯ. ಎರಡಕ್ಕೂ ನಮ್ಮಲ್ಲಿ 'ನಾವು' ಒಂದೇ. ಕೇಳುವವರನ್ನೂ ಸೇರಿಸಿಕೊಂಡರೆ 'ಮನಂ', ಬಿಟ್ಟರೆ 'ಮೇಮು'. ಊಟಕ್ಕೆ ಕರೆಯುವಾಗ 'ಮೇಮು' ಅಂದರೆ ಕರೆಯಿಸಿಕೊಂಡವರೇ ಹೊರಗುಳಿಯುತ್ತಾರೆ.

ಮನೆಯ ಮಾತೂ ಲೆಕ್ಕಕ್ಕೆ ಬರುತ್ತದೆ. 'ನಮ್ಮೂರಲ್ಲಿ ಅವರೇ ಕನ್ನಡ ಕಲೀಲಿ' ಎಂದು ಹಿರಿಯರು ದಿನಾ ಅನ್ನುವ ಮನೆಯಲ್ಲಿ ಮಕ್ಕಳು ತೆಲುಗು ಮಾತಾಡಲು ಹಿಂಜರಿಯುತ್ತಾರೆ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿ ಬಳ್ಳಾರಿ ಮೈಸೂರಿಗೆ ಬಂದರೂ ಗಡಿಯ ಎರಡೂ ಕಡೆ ನೆಂಟಸ್ತಿಕೆ ಉಳಿದಿದೆ. ತೆಲುಗು ಕಲಿತರೆ ಕನ್ನಡಕ್ಕೇನೂ ಕುಂದಿಲ್ಲ ಎಂದು ಮಕ್ಕಳೆದುರೇ ಹೇಳಿ.

ಹುಮ್ಮಸ್ಸು ಇಳಿದ ವಾರ ಮಾತು ಬಿಟ್ಟು ಓದಿಗೆ ಇಳಿಯಿರಿ. ಲಿಪಿ ಬಹುಪಾಲು ನಮ್ಮದನ್ನೇ ಹೋಲುತ್ತದೆ. ಕ, ತ, ಶದಂಥ ಕೆಲವನ್ನಷ್ಟೇ ಬೇರೆಯಾಗಿ ಕಲಿಯಬೇಕು. ಬಸ್ ನಿಲ್ದಾಣದಲ್ಲಿ ಆಂಧ್ರದ ಬಸ್ಸುಗಳ ಬೋರ್ಡಿನಿಂದ ಶುರುಮಾಡಿ. ಊರಿನ ಹೆಸರು ಮೊದಲೇ ಗೊತ್ತಿರುವುದರಿಂದ ಗೊತ್ತಿಲ್ಲದ ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ.