ಹನ್ನೆರಡು ಮನೆಯ ಚಕ್ರ: ಅಂಗೈ ಕನ್ಸೋಲಿಗೆ ನಾನೊಂದು ಪುಟ್ಟ ಗೇಮ್ ಮಾಡಿದ್ದು

ಡೌನ್‌ಲೋಡ್ ಮಾಡಿಕೊಂಡು ಆಡುವ ಪುಟಾಣಿ ಗೇಮ್‌ಗಳೆಂದರೆ ನನಗೆ ಮೊದಲಿಂದಲೂ ಇಷ್ಟ. 2009ರಲ್ಲಿ ಸೋನಿ ತನ್ನ ಅಂಗೈ ಕನ್ಸೋಲ್ ಪಿಎಸ್‌ಪಿಗೆ ‘ಮಿನಿಸ್’ ಅಂತ ಒಂದು ಸಾಲು ಶುರು ಮಾಡಿತು. ಒಂದು ಗೇಮ್ 100 ಎಂಬಿ ದಾಟುವ ಹಾಗಿಲ್ಲ ಅಂತ ನಿಯಮ. ಅದೇ ಹೊತ್ತಿಗೆ ನಿಂಟೆಂಡೊ ಕಡೆ, ಡಿಎಸ್‌ಐ ಅನ್ನುವ ಅಂಗೈ ಕನ್ಸೋಲಿಗೆ ಅದೇ ಥರದ ಡಿಎಸ್‌ಐವೇರ್ ಇತ್ತು. ಉದ್ದುದ್ದ ಕಥೆ ಇಲ್ಲ, ಸಿನಿಮಾ ಥರದ ದೃಶ್ಯಗಳಿಲ್ಲ. ಆನ್ ಮಾಡು, ಆಡು, ಸೋಲು, ಮತ್ತೆ ಆಡು. ಅಂಥದ್ದೊಂದನ್ನು ನಾನೇ ಮಾಡಿ ನೋಡೋಣ ಅನ್ನಿಸಿದಾಗ ಆರಿಸಿಕೊಂಡಿದ್ದು ಪ್ಲೇಡೇಟ್ ಅನ್ನುವ ಅಂಗೈ ಕನ್ಸೋಲ್.

ಪ್ಯಾನಿಕ್ ಕಂಪನಿಯ ಪ್ಲೇಡೇಟ್ ಜನರ ಕೈಗೆ ಬಂದಿದ್ದು 2022ರಲ್ಲಿ. ಪರದೆ 400×240 ಪಿಕ್ಸೆಲ್. ಪ್ರತಿ ಪಿಕ್ಸೆಲ್ ಒಂದೋ ಕಪ್ಪು, ಇಲ್ಲಾ ಬಿಳಿ. ನಡುವೆ ಬೂದು ಬಣ್ಣ ಕೂಡ ಇಲ್ಲ. ಹಿಂಬದಿ ಬೆಳಕೂ ಇಲ್ಲ, ದೀಪದ ಕೆಳಗೋ ಬಿಸಿಲಲ್ಲೋ ಕೂತು ಆಡಬೇಕು. ನಾಲ್ಕು ದಿಕ್ಕಿಗೂ ಒತ್ತುವ ಒಂದು ಡಿ-ಪ್ಯಾಡ್, ಎರಡು ಬಟನ್, ಬಲಗಡೆ ತಿರುಗಿಸೋ ಒಂದು ಹಿಡಿಕೆ. ಅದನ್ನೇ ಕ್ರ್ಯಾಂಕ್ ಅನ್ನುವುದು. ಗೇಮ್ ಬರೆಯುವ ಕಿಟ್ ಉಚಿತ. ಲುವಾ ಅಥವಾ ಸಿ ಭಾಷೆಯಲ್ಲಿ ಬರೆಯಬಹುದು. ಬೇರೆ ಕನ್ಸೋಲ್‌ಗಳ ಹಾಗೆ ಡೆವಲಪರ್‌ಗಳಿಗೇ ಅಂತ ಬೇರೆ ಯಂತ್ರ ಬೇಕಿಲ್ಲ, ಆಡೋ ಯಂತ್ರವೇ ಸಾಕು. ಒಬ್ಬನೇ ಕೂತು ಮಾಡುವವನಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಆಟ ಸರಳ. ಪರದೆಯ ನಡುವೆ ಒಂದು ಚಕ್ರ, ಅದಕ್ಕೆ ಹನ್ನೆರಡು ಮನೆ. ಮೇಲಿನಿಂದ ಒಂದೊಂದೇ ಕಾಯಿ ಇಳಿಯುತ್ತದೆ. ಕ್ರ್ಯಾಂಕ್ ತಿರುಗಿಸಿ ಬೇಕಾದ ಮನೆಯನ್ನು ಅದರ ಕೆಳಗೆ ತಂದು ನಿಲ್ಲಿಸಬೇಕು. ಅಕ್ಕಪಕ್ಕದ ಮೂರು ಮನೆಯಲ್ಲಿ ಒಂದೇ ಬಗೆಯ ಕಾಯಿ ಬಂದರೆ ಅವು ಮಾಯ. ಒಂದು ಮನೆಯಲ್ಲಿ ಮೂರು ಕಾಯಿಗೆ ಮಾತ್ರ ಜಾಗ. ನಾಲ್ಕನೆಯದು ಬಿದ್ದರೆ ಆಟ ಮುಗೀತು. ಇಷ್ಟನ್ನು ಆಡುವ ಸ್ಥಿತಿಗೆ ತರುವುದು ಬೇಗ ಆಗಿಹೋಯಿತು. ಆಮೇಲಿನ ಕೆಲಸವೇ ನಿಜವಾದ ಕೆಲಸ. ಸೋತವನು ‘ಛೇ, ನಾನೇ ತಪ್ಪು ಮಾಡಿದೆ’ ಅನ್ನಬೇಕು, ‘ಗೇಮ್ ಮೋಸ ಮಾಡ್ತು’ ಅನ್ನಬಾರದು. ಈ ಲೇಖನ ಪೂರ್ತಿ ಅದರ ಬಗ್ಗೆಯೇ ಅಂದ್ಕೊಳ್ಳಿ.

ಮೊದಲು ಕ್ರ್ಯಾಂಕ್. ಹನ್ನೆರಡು ಮನೆ ಅಂದರೆ ಒಂದೊಂದಕ್ಕೆ 30 ಡಿಗ್ರಿ. ಹಿಡಿಕೆ ಒಂದು ಸುತ್ತು ಬಂದರೆ ಚಕ್ರವೂ ಒಂದು ಸುತ್ತು. ಅರ್ಧ ಸುತ್ತಿಗೇ ಚಕ್ರ ಪೂರ್ತಿ ತಿರುಗುವ ಹಾಗೂ ಮಾಡಿ ನೋಡಿದೆ. ವೇಗ ಸಿಗುತ್ತದೆ, ಆದರೆ ಬೇಕಾದ ಮನೆ ಕೈಮೀರಿ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಒಂದಕ್ಕೊಂದು ಅನ್ನುವ ಲೆಕ್ಕವನ್ನೇ ಉಳಿಸಿಕೊಂಡೆ.

ತೊಂದರೆ ಇರುವುದು ಗಡಿಯಲ್ಲಿ. ಒಂದು ಮನೆಯ ನಡುಮಧ್ಯದಿಂದ 15 ಡಿಗ್ರಿ ದಾಟಿದರೆ ಪಕ್ಕದ ಮನೆ. ಹಿಡಿಕೆ ಸರಿಯಾಗಿ ಆ 15ರ ಹತ್ತಿರ ನಿಂತಿತೋ, ಬೆರಳಿನ ಸಣ್ಣ ನಡುಕಕ್ಕೂ ಚಕ್ರ ಆಚೆ ಈಚೆ ಟಕಟಕ ಅಂತ ಹಾರುತ್ತದೆ. ಕಾಯಿ ಬೀಳುವ ಹೊತ್ತಿಗೆ ಹೀಗಾದರೆ ಆಟಗಾರ ಕನ್ಸೋಲನ್ನೇ ಬೈಯುತ್ತಾನೆ, ಬೈಯಬೇಕಾದ್ದೇ. ಅದಕ್ಕೆ ಮಾಡಿದ ಉಪಾಯ ಇಷ್ಟೇ: ಈಗಿರುವ ಮನೆಯ ಮಧ್ಯದಿಂದ 19 ಡಿಗ್ರಿ ದೂರ ಹೋಗುವವರೆಗೆ ಮನೆ ಬದಲಾಗದು. ಬದಲಾದ ಮೇಲೆ ಹಿಡಿಕೆ ಹೊಸ ಮನೆಯ ಮಧ್ಯದಿಂದ 11 ಡಿಗ್ರಿ ದೂರದಲ್ಲಿರುತ್ತದೆ. ಹಳೆ ಮನೆಗೆ ಮರಳಬೇಕಾದರೆ ಇನ್ನೂ 8 ಡಿಗ್ರಿ ಹಿಂದಕ್ಕೆ ಬರಬೇಕು. ಕೈ ಅಷ್ಟೊಂದು ನಡುಗುವುದಿಲ್ಲ. ಕೋಡ್‌ನಲ್ಲಿ ಇದು ನಾಲ್ಕೇ ಸಾಲು, ಇಡೀ ಗೇಮ್ ಕೈಗೆ ಒಗ್ಗಿದ್ದು ಆ ನಾಲ್ಕು ಸಾಲಿನಿಂದ.

ಇನ್ನೊಂದು ವಿಷಯ, ಕಂಪ್ಯೂಟರ್ ಮೇಲೆ ಗೇಮ್ ಓಡಿಸಿ ನೋಡುವ ಸಿಮ್ಯುಲೇಟರ್‌ನಲ್ಲಿ ಗೊತ್ತಾಗುವುದೇ ಇಲ್ಲ. ಪ್ಲೇಡೇಟ್‌ನಲ್ಲಿ ಎ, ಬಿ ಬಟನ್ ಇರುವುದೂ ಬಲಗಡೆ, ಕ್ರ್ಯಾಂಕ್ ಇರುವುದೂ ಬಲಗಡೆ. ಬಲಗೈ ಹಿಡಿಕೆ ತಿರುಗಿಸುತ್ತಿರುವಾಗ ಅದೇ ಕೈಯಲ್ಲಿ ಎ ಒತ್ತುವುದು ಸರ್ಕಸ್ಸೇ ಸರಿ. ಅದಕ್ಕೇ ಕಾಯಿಯನ್ನು ದಬಕ್ಕನೆ ಬೀಳಿಸುವ ಕೆಲಸವನ್ನು ಡಿ-ಪ್ಯಾಡಿನ ಕೆಳಗಿನ ಗುಂಡಿಗೆ ಕೊಟ್ಟೆ. ಎಡಗೈ ಹೆಬ್ಬೆರಳು ಸುಮ್ನೆ ಕೂತಿರುತ್ತದೆ, ಅಲ್ವಾ?

ಕ್ರ್ಯಾಂಕ್ ಬೇಡ ಅನ್ನುವವರಿಗೆ ಎಡ-ಬಲ ಗುಂಡಿಗಳಿಂದಲೂ ಚಕ್ರ ತಿರುಗಿಸಬಹುದು. ಗುಂಡಿ ಒತ್ತಿ ಹಿಡಿದಾಗ ಎಷ್ಟು ಹೊತ್ತಿನ ಮೇಲೆ, ಎಷ್ಟು ವೇಗದಲ್ಲಿ ತಾನೇ ಸರಿಯಬೇಕು ಅನ್ನುವುದಕ್ಕೆ ನಿಂಟೆಂಡೊದ ಹಳೆ ಕನ್ಸೋಲ್ ಎನ್‌ಇಎಸ್‌ನಲ್ಲಿದ್ದ, ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಲೆಕ್ಕದಿಂದ ಶುರು ಮಾಡಿದೆ. ಅಲ್ಲಿ ಮೊದಲ ಕಾಯುವಿಕೆ 16 ಫ್ರೇಮ್ (ಪರದೆಯ ಚಿತ್ರ ಒಮ್ಮೆ ಬದಲಾಗುವ ಹೊತ್ತು ಒಂದು ಫ್ರೇಮ್), ಆಮೇಲೆ 6 ಫ್ರೇಮ್‌ಗೊಮ್ಮೆ. ಅದು ಸೆಕೆಂಡಿಗೆ 60 ಫ್ರೇಮ್‌ನ ಯಂತ್ರ. ನನ್ನದು 30, ಹಾಗಾಗಿ 8 ಮತ್ತು 3. ಈಗಿನ ಕೈಗೆ ಅದು ನಿಧಾನ. ಕೊನೆಗೆ 6 ಮತ್ತು 2ಕ್ಕೆ ನಿಂತೆ.

ಕಾಯಿ ತಳಮುಟ್ಟಿದ ತಕ್ಷಣ ಅಂಟಿಕೊಂಡುಬಿಟ್ಟರೂ ಅನ್ಯಾಯವೇ. ಟೆಟ್ರಿಸ್‌ನ ಈಗಿನ ಆವೃತ್ತಿಗಳಲ್ಲಿ ಇರುವ ಹಾಗೆ ಅರ್ಧ ಸೆಕೆಂಡ್ ಬಿಡುವು ಕೊಟ್ಟೆ, ಅಂದರೆ 15 ಫ್ರೇಮ್. ಅಷ್ಟರೊಳಗೆ ಚಕ್ರ ತಿರುಗಿಸಿದರೆ ಎಣಿಕೆ ಮೊದಲಿಂದ. ಆದರೆ ಇದಕ್ಕೊಂದು ಮಿತಿ ಹಾಕಲೇಬೇಕು. ಇಲ್ಲದಿದ್ದರೆ ಜಾಣರು ಚಕ್ರವನ್ನು ಗರಗರ ತಿರುಗಿಸುತ್ತಾ ಒಂದೇ ಕಾಯಿಯನ್ನು ಸಂಜೆವರೆಗೂ ತೇಲಿಸಿಟ್ಟುಕೊಳ್ಳುತ್ತಾರೆ.

ಬಣ್ಣ ಇಲ್ಲದ ಪರದೆ ಅಂದಾಗ ಸುಲಭ ಅನ್ನಿಸುತ್ತದೆ. ಸುಲಭ ಅಲ್ಲ. ನಾಲ್ಕು ಬಗೆಯ ಕಾಯಿಗಳನ್ನು ಆಕಾರದಿಂದಲೇ ಬೇರೆ ಮಾಡಬೇಕು, ಅದೂ 18 ಪಿಕ್ಸೆಲ್ ಅಗಲದೊಳಗೆ. ತುಂಬಿದ ಕಪ್ಪು ವೃತ್ತ, ಖಾಲಿ ಚೌಕ, ನಡುವೆ ಚುಕ್ಕಿ ಇರುವ ವಜ್ರದಾಕಾರ, ಗೆರೆ ತುಂಬಿದ ತ್ರಿಕೋನ. ಇಲ್ಲೊಂದು ಕಿತಾಪತಿ ಇದೆ. ಚಕ್ರದ ಜೊತೆ ಕಾಯಿಯೂ ತಿರುಗಿದರೆ, 45 ಡಿಗ್ರಿ ತಿರುಗಿದ ಚೌಕ ಥೇಟ್ ವಜ್ರದಾಕಾರ! ಅದಕ್ಕೇ ಚಕ್ರ ಎಷ್ಟೇ ತಿರುಗಲಿ, ಕಾಯಿಗಳು ಜೈಂಟ್ ವೀಲ್‌ನ ತೊಟ್ಟಿಲುಗಳ ಹಾಗೆ ಯಾವಾಗಲೂ ನೆಟ್ಟಗೇ ಇರುತ್ತವೆ. ಇದರಿಂದ ಯಂತ್ರಕ್ಕೂ ಹಗುರ. ಚಿತ್ರ ತಿರುಗಿಸಿ ಬರೆಯುವುದು ಆ ಪುಟ್ಟ ಪ್ರೊಸೆಸರ್‌ಗೆ ದುಬಾರಿ ಕೆಲಸ. ಈಗ 5 ಡಿಗ್ರಿಗೊಂದರಂತೆ 72 ಜಾಗಗಳ ಪಟ್ಟಿಯನ್ನು ಗೇಮ್ ಶುರುವಾಗುವಾಗಲೇ ಲೆಕ್ಕ ಹಾಕಿಟ್ಟುಕೊಂಡು, ಕಾಯಿಗಳನ್ನು ಅಲ್ಲಲ್ಲಿ ಇಟ್ಟರೆ ಮುಗಿಯಿತು.

ಬೂದು ಬಣ್ಣ ಬೇಕಾದರೆ ಕಪ್ಪು-ಬಿಳಿ ಚುಕ್ಕಿಗಳನ್ನು ಚದುರಂಗದ ಹಾಸಿನಂತೆ ಜೋಡಿಸುವುದು ಹಳೇ ಉಪಾಯ, ಡಿದರಿಂಗ್ ಅನ್ನುತ್ತಾರೆ. ನಿಂತ ಚಿತ್ರಕ್ಕೆ ಚೆನ್ನ. ಆದರೆ ಅದು ಒಂದೇ ಒಂದು ಪಿಕ್ಸೆಲ್ ಸರಿದರೆ ಏನಾಗುತ್ತದೆ ನೋಡಿ: ಕಪ್ಪಿದ್ದದ್ದೆಲ್ಲ ಬಿಳಿ, ಬಿಳಿ ಇದ್ದದ್ದೆಲ್ಲ ಕಪ್ಪು. ಪ್ರತಿ ಫ್ರೇಮ್‌ಗೂ ಹೀಗೆ ಅದಲುಬದಲಾದರೆ ಆ ಜಾಗ ಪೂರ್ತಿ ಮಿಣಮಿಣ ಅಂತ ಮಿನುಗಿ ಕಣ್ಣು ನೋಯುತ್ತದೆ. ಒಂದು ಸಲಕ್ಕೆ ಎರಡು ಪಿಕ್ಸೆಲ್ ಸರಿಸಿದರೆ ಹಾಸು ತನ್ನ ಮೇಲೆ ತಾನೇ ಸರಿಯಾಗಿ ಕೂರುತ್ತದೆ, ಮಿನುಗು ಮಾಯ. ಬೀಳುವ ಕಾಯಿಗೆ ನಾನು ಎರಡೆರಡೇ ಪಿಕ್ಸೆಲ್ ಸರಿಸುತ್ತೇನೆ. ಚಕ್ರದ ಮೇಲೆ ಈ ಹಾಸನ್ನು ಬಳಸಲೇ ಇಲ್ಲ, ಅಲ್ಲಿ ಬರೀ ಗೆರೆ.

ಇನ್ನು ಅದೃಷ್ಟದ ಮಾತು. ನಾಲ್ಕು ಬಗೆಯ ಕಾಯಿಗಳಲ್ಲಿ ಯಾವುದು ಬರಬೇಕೆಂದು ಪ್ರತಿ ಸಲವೂ ಚೀಟಿ ಎತ್ತಿದರೆ ಲೆಕ್ಕದ ಪ್ರಕಾರ ಅದು ನ್ಯಾಯವೇ. ಆದರೆ ಒಂದೇ ಕಾಯಿ ಐದಾರು ಸಲ ಸಾಲಾಗಿ ಬರಬಹುದು, ಬೇಕಾದ್ದು ಎಷ್ಟು ಹೊತ್ತಾದರೂ ಬಾರದಿರಬಹುದು. ಆಡುವವನಿಗೆ ಅದು ಮೋಸ ಅಂತಲೇ ಕಾಣುತ್ತದೆ. ಟೆಟ್ರಿಸ್‌ನವರು ಇದಕ್ಕೆ ಚೀಲದ ಉಪಾಯ ಮಾಡಿದ್ದಾರೆ: ಏಳೂ ಬಗೆಯ ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ ಕಲಸಿ, ಎಲ್ಲ ಖಾಲಿಯಾದ ಮೇಲೆಯೇ ಮತ್ತೆ ತುಂಬುವುದು. ಹಾಗಾಗಿ ಎರಡು ಉದ್ದ ತುಂಡುಗಳ ನಡುವೆ ಹೆಚ್ಚೆಂದರೆ 12 ಬೇರೆ ತುಂಡು ಬರಬಹುದು, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ನನ್ನ ಚೀಲದಲ್ಲಿ ಎಂಟು ಕಾಯಿ, ಬಗೆಗೆ ಎರಡೆರಡು. ನಾಲ್ಕನ್ನು ಮಾತ್ರ ಹಾಕಿದ್ದರೆ ಮುಂದೇನು ಬರುತ್ತದೆ ಅಂತ ಎಣಿಸಿ ಹೇಳಿಬಿಡಬಹುದು, ಮಜಾ ಹೋಗುತ್ತದೆ. ಎಂಟಾದರೆ ಒಂದೇ ಕಾಯಿ ಸಾಲಾಗಿ ನಾಲ್ಕಕ್ಕಿಂತ ಹೆಚ್ಚು ಬರಲಾರದು. ಬೇಕಾದ ಕಾಯಿಗೆ ಕಾಯುವುದೂ ಹೆಚ್ಚೆಂದರೆ 12ರವರೆಗೆ. ಚೂರು ಆತಂಕ, ಚೂರು ಭರವಸೆ, ಎರಡೂ ಉಳಿಯುತ್ತದೆ.

ಒಂದು ಕಡೆ ಮಾತ್ರ ಬೇಕೆಂದೇ ಈ ಚೀಲವನ್ನು ಪಕ್ಕಕ್ಕಿಟ್ಟೆ. ಹೊಸಬರು ಆಡುವ ಮೊಟ್ಟಮೊದಲ ಆಟದಲ್ಲಿ ಮೊದಲ ಮೂರು ಕಾಯಿ ಒಂದೇ ಬಗೆ. ಸೂಚನೆಗಳನ್ನು ಯಾರೂ ಓದುವುದಿಲ್ಲ. ಗೆಳೆಯರ ಕೈಗೆ ಕೊಟ್ಟು ಬಾಯಿಮುಚ್ಚಿಕೊಂಡು ನೋಡಿದರೆ ಸಾಕು, ಮೊದಲ ಪುಟವನ್ನು ಹಾಗೇ ಒತ್ತಿ ದಾಟಿಬಿಡುತ್ತಾರೆ. ಮೂರು ಒಂದೇ ಥರದ ಕಾಯಿ ಸಿಕ್ಕರೆ ಮನುಷ್ಯ ತಾನಾಗೇ ಪಕ್ಕಪಕ್ಕ ಇಡುತ್ತಾನೆ. ಟಪ್ ಅಂತ ಮಾಯವಾಗುತ್ತದೆ. ಪಾಠ ಮುಗಿಯಿತು.

ಗಡಿಯಾರದ ಗಡಿಬಿಡಿ ಬೇಡ ಅನ್ನುವವರಿಗೆ ಒಗಟಿನ ಮೋಡ್ ಕೂಡ ಇದೆ. ಚಕ್ರದಲ್ಲಿ ಮೊದಲೇ ಕೆಲವು ಕಾಯಿ, ಕೈಗೆ ಆರು ಕಾಯಿ, ಎಲ್ಲ ಖಾಲಿ ಮಾಡಬೇಕು. ಒಗಟು ಬಿಡಿಸಲು ಸಾಧ್ಯವೇ ಅಂತ ಮೊದಲು ನಾನು ಖಾತರಿ ಮಾಡಿಕೊಳ್ಳಬೇಕು. ಹದಿನೈದು ಅಂಕಿಯ ಸರಿಸುವ ಒಗಟಿನಲ್ಲಿ ಬಿಲ್ಲೆಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದರೆ ಅರ್ಧದಷ್ಟು ಜೋಡಣೆಗಳು ಎಷ್ಟು ಸರಿಸಿದರೂ ಬಿಡುವುದಿಲ್ಲ. 1879ರಲ್ಲೇ ಇದರ ಸಾಬೀತು ಅಚ್ಚಾಗಿದೆ. ಅಂಥ ಒಗಟನ್ನು ಯಾರಿಗಾದರೂ ಕೊಟ್ಟರೆ ಅದಕ್ಕಿಂತ ಮೋಸ ಇನ್ನೊಂದಿಲ್ಲ. ನನ್ನ ಚಕ್ರದಲ್ಲಿ ಆರು ಕಾಯಿಗೆ ಹನ್ನೆರಡು ಹನ್ನೆರಡು ಆಯ್ಕೆ, ಒಟ್ಟು 29,85,984 ದಾರಿ. ದೊಡ್ಡದಾಗಿ ಕಂಡರೂ ಕಂಪ್ಯೂಟರ್‌ಗೆ ಏನೇನೂ ಅಲ್ಲ. ಎಲ್ಲ ದಾರಿಗಳನ್ನೂ ಆಡಿ ನೋಡುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದು ಉತ್ತರ ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟು ಉತ್ತರ ಅಂತಲೂ ಹೇಳುತ್ತದೆ. ನೂರಾರು ಉತ್ತರ ಇದ್ದರೆ ಒಗಟು ಸಪ್ಪೆ. ಒಂದೇ ಇದ್ದರೆ ತಲೆ ಕೆರೆದುಕೊಳ್ಳುವುದೇ ಕೆಲಸ. ಚೆನ್ನಾಗಿರುವುದು ನಡುವಿನವು. ಅದರಲ್ಲೂ ಮೊದಲ ನಡೆ ಕಣ್ಣಿಗೆ ಹೊಡೆಯುವಷ್ಟು ಸುಲಭವಾಗಿ ಕಂಡು, ಆಮೇಲೆ ಅದೇ ಕೈಕೊಡುವಂಥವು. ಅದನ್ನು ಆರಿಸಲು ಪ್ರೋಗ್ರಾಂ ಇಲ್ಲ, ಆಡಿಯೇ ನೋಡಬೇಕು.

ಅಂಗೈ ಕನ್ಸೋಲ್ ಅಂದಮೇಲೆ ಆಟ ಯಾವ ಕ್ಷಣದಲ್ಲಾದರೂ ನಿಲ್ಲುತ್ತದೆ. ಯಾರೋ ಕರೆಯುತ್ತಾರೆ, ಆಡುತ್ತಿದ್ದವನು ಬಟನ್ ಒತ್ತಿ ಜೇಬಿಗಿಳಿಸುತ್ತಾನೆ. ಯಂತ್ರ ಲಾಕ್ ಆಗುವಾಗ, ನಿದ್ದೆಗೆ ಜಾರುವಾಗ, ಗೇಮ್ ಮುಚ್ಚುವಾಗ ಪ್ಲೇಡೇಟ್ ಮೊದಲೇ ತಿಳಿಸುತ್ತದೆ. ಮೂರೂ ಕಡೆ ಆಟವನ್ನು ಪೂರ್ತಿ ಉಳಿಸುತ್ತೇನೆ, ಚೀಲದಲ್ಲಿ ಉಳಿದ ಕಾಯಿಗಳ ಸಮೇತ. ಚೀಲ ಉಳಿಸದಿದ್ದರೆ, ಬೇಡದ ಕಾಯಿ ಬರುವ ಹಾಗಿದ್ದಾಗ ಆಟ ಮುಚ್ಚಿ ತೆರೆದು ಅದೃಷ್ಟ ಬದಲಿಸಿಕೊಳ್ಳಬಹುದು. ವಾಪಸ್ ಬಂದಾಗ ಮೂರು, ಎರಡು, ಒಂದು ಅಂತ ಎಣಿಸುವ ಗೇಮ್‌ಗಳು ಬಹಳ. ನನಗೆ ಅದು ಸೇರದು. ಆಟಗಾರ ಕ್ರ್ಯಾಂಕ್ ಅಲುಗಾಡಿಸುವವರೆಗೆ ಅಥವಾ ಗುಂಡಿ ಒತ್ತುವವರೆಗೆ ಕಾಯಿ ಗಾಳಿಯಲ್ಲೇ ನಿಂತಿರುತ್ತದೆ. ಎಷ್ಟು ಹೊತ್ತು ಬೇಕಾದರೂ ನೋಡಿಕೊಳ್ಳಲಿ.

ಶಬ್ದದ ಬಗ್ಗೆ ಹೇಳುವುದು ಕಡಿಮೆ. ಯಂತ್ರದಲ್ಲೇ ಇರುವ, ಸದ್ದು ಹುಟ್ಟಿಸುವ ಸಿಂಥ್‌ನಿಂದ ಕೆಲವು ಸದ್ದು ಮಾಡಿದ್ದೇನೆ, ಫೈಲ್ ಸಣ್ಣದಾಯಿತು. ಎಷ್ಟೋ ಜನ ಮ್ಯೂಟ್ ಮಾಡಿಯೇ ಆಡುತ್ತಾರೆ. ಹಾಗಾಗಿ ಬರೀ ಶಬ್ದದಿಂದ ಗೊತ್ತಾಗಬೇಕಾದ್ದು ಏನೂ ಇಲ್ಲ.

ವೇಗಕ್ಕೊಂದು ಮಾತು: ಸಿಮ್ಯುಲೇಟರ್ ನಂಬಬೇಡಿ. ಅಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡುವ ಕೋಡ್, 168 ಮೆಗಾಹರ್ಟ್ಸ್‌ನ ನಿಜವಾದ ಯಂತ್ರದಲ್ಲಿ ಮುಗ್ಗರಿಸುತ್ತದೆ. ಪ್ರತಿ ಫ್ರೇಮ್‌ನಲ್ಲೂ ಮಾಹಿತಿ ಇಡುವ ಹೊಸ ಟೇಬಲ್ ಸೃಷ್ಟಿಸುತ್ತಾ ಹೋದರೆ ಲುವಾ ಆಗಾಗ ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸಲು ನಿಲ್ಲುತ್ತದೆ, ಸರಿಯಾಗಿ ಕಾಯಿ ಬೀಳುವಾಗಲೇ.

ಬಿಡುಗಡೆ ಸರಳವಾಗಿತ್ತು. ತಯಾರಾದ ಗೇಮ್ ಇರುವ ಪಿಡಿಎಕ್ಸ್ ಫೋಲ್ಡರನ್ನು ಜಿಪ್ ಮಾಡಿ, ಗೇಮ್ ಮಾರುವ ಜಾಲತಾಣ ಇಚ್.ಐಒದಲ್ಲಿ ಹಾಕಿದೆ, ನಕಲು ತಡೆಯುವ ಬೀಗ-ಗೀಗ ಏನೂ ಇಲ್ಲ. ಕೊಂಡವರು ತಮ್ಮ ಕನ್ಸೋಲಿಗೆ ತಾವೇ ಹಾಕಿಕೊಳ್ಳುತ್ತಾರೆ, ಒಂದು ಪ್ರತಿ ಕಂಪ್ಯೂಟರ್‌ನಲ್ಲೂ ಉಳಿಯುತ್ತದೆ. ಇದು ಮುಖ್ಯ. ಡಿಎಸ್‌ಐ ಅಂಗಡಿ 2017ರ ಮಾರ್ಚ್ 31ಕ್ಕೆ ಮುಚ್ಚಿತು. ನಿಂಟೆಂಡೊದ ಮುಂದಿನ ಅಂಗೈ ಕನ್ಸೋಲ್ 3ಡಿಎಸ್‌ನ ಆನ್‌ಲೈನ್ ಅಂಗಡಿ ಇಶಾಪ್‌ನಲ್ಲಿ 2023ರ ಮಾರ್ಚ್ 27ರ ನಂತರ ಹೊಸದಾಗಿ ಏನನ್ನೂ ಕೊಳ್ಳಲು ಬರುವುದಿಲ್ಲ. ಡಿಸ್ಕ್ ಇಲ್ಲ, ಕಾರ್ಟ್ರಿಜ್ ಇಲ್ಲ. ಅಲ್ಲಿ ಮಾತ್ರ ಸಿಗುತ್ತಿದ್ದ ಪುಟ್ಟ ಗೇಮ್‌ಗಳು ಹಾಗೇ ಕೈತಪ್ಪಿದವು. ಅದಕ್ಕೇ, ಎಲ್ಲರಿಗೂ ದಿನಕ್ಕೊಂದು ಒಂದೇ ಆಟ ಸಿಗುವ ‘ದಿನದ ಆಟ’ಕ್ಕೂ ನಾನು ಸರ್ವರ್ ಇಟ್ಟಿಲ್ಲ. ಆ ದಿನದ ತಾರೀಕನ್ನೇ ಒಂದು ಸಂಖ್ಯೆ ಮಾಡಿ, ನಾನೇ ಬರೆದ ಒಂದು ಸಣ್ಣ ಲೆಕ್ಕಕ್ಕೆ ಕೊಟ್ಟರೆ ಎಲ್ಲರ ಕನ್ಸೋಲಿನಲ್ಲೂ ಒಂದೇ ಸಾಲಿನ ಕಾಯಿಗಳು ಬರುತ್ತವೆ. ನಾನು ಈ ಕೆಲಸ ಬಿಟ್ಟು ಹೋದರೂ ಅದು ನಡೆಯುತ್ತದೆ.

ನೀವೂ ಮಾಡುವುದಾದರೆ ಗೇಮ್‌ನ ಬಂಡಲ್ ಐಡಿಯನ್ನು, ಅಂದರೆ ಕನ್ಸೋಲ್ ಅದನ್ನು ಗುರುತಿಸುವ ಹೆಸರನ್ನು, ಮೊದಲೇ ಯೋಚಿಸಿ ಇಡಿ, ಆಮೇಲೆ ಮುಟ್ಟಬೇಡಿ. ಉಳಿಸಿದ ಆಟಗಳೆಲ್ಲ ಆ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತವೆ. ಹೆಸರು ಬದಲಾದರೆ ಜನರ ಸ್ಕೋರ್ ಕಾಣೆ.

ಸದ್ಯ ಕೈಯಲ್ಲಿರುವುದು ಎಡಚರಿಗಾಗಿ ಒಂದು ಆಯ್ಕೆ. ಕನ್ಸೋಲನ್ನು ತಲೆಕೆಳಗು ಹಿಡಿದರೆ ಕ್ರ್ಯಾಂಕ್ ಎಡಕ್ಕೆ ಬರುತ್ತದೆ, ಡಿ-ಪ್ಯಾಡ್ ಬಲ ಹೆಬ್ಬೆರಳಿಗೆ. ಚಿತ್ರವನ್ನು ತಿರುಗಿಸಲು ಒಂದೇ ಆಜ್ಞೆ ಸಾಕು. ಡಿ-ಪ್ಯಾಡಿನ ನಾಲ್ಕೂ ದಿಕ್ಕು ಉಲ್ಟಾ ಆಗಬೇಕು, ಕ್ರ್ಯಾಂಕ್ ತಿರುವೂ ಉಲ್ಟಾ ಆಗಬೇಕು, ಇಲ್ಲದಿದ್ದರೆ ಮುಂದಕ್ಕೆ ತಿರುಗಿಸಿದಾಗ ಚಕ್ರ ಹಿಂದಕ್ಕೆ ಹೋಗುತ್ತದೆ. ಅಷ್ಟು ಆಗಿದೆ. ಎಡಗೈಯವರು ಒಂದಿಬ್ಬರು ಆಡಿ ನೋಡಿ ಆ 19 ಡಿಗ್ರಿ ಅವರ ಕೈಗೂ ಸರಿಯೇ ಅಂತ ಹೇಳಿದರೆ ಮುಂದಿನ ಆವೃತ್ತಿಗೆ ಸೇರಿಸುತ್ತೇನೆ.