ಕಾಶಾನ್ ರತ್ನಗಂಬಳಿಯ ತೂತು ಮುಚ್ಚಿದ ಬಗೆ

ಪರ್ಷಿಯನ್ ರತ್ನಗಂಬಳಿ ರಿಪೇರಿಗೆ ಬಂದರೆ ನಾನು ಮೊದಲು ಅದನ್ನು ಬೋರಲು ಹಾಕುತ್ತೇನೆ. ಮೇಲಿನ ಹೂವು, ಬಳ್ಳಿ, ಬಣ್ಣ ಎಲ್ಲ ಆಮೇಲೆ. ಯಾವ ಗಂಟು, ಎಷ್ಟು ದಟ್ಟ, ಅಡ್ಡಕ್ಕೆ ಹೋಗುವ ಹೊಕ್ಕಿನ ದಾರ ಯಾವ ಬಣ್ಣದ್ದು, ನನಗಿಂತ ಮುಂಚೆ ಯಾರಾದರೂ ಕೈ ಹಾಕಿದ್ದಾರಾ ಎಂಬುದೆಲ್ಲ ಬೆನ್ನಲ್ಲೇ ಕಾಣುವುದು.

ನಾನು ಇಳಕಲ್ಲಿನ ನೇಕಾರರ ಮನೆಯವನು. ಶಾರ್ಜಾಕ್ಕೆ ಬಂದದ್ದು ಕಾರ್ಪೆಟ್ ಅಂಗಡಿಯಲ್ಲಿ ಮಾಲು ಮಡಚಿ ಬಿಚ್ಚಿ ತೋರಿಸುವ ಕೆಲಸಕ್ಕೆ. ಹಿಂದಿನ ಕೋಣೆಯಲ್ಲಿ ಇರಾನಿನ ತಬ್ರೀಜ್ ಊರಿನ ಹಿರಿಯ ಉಸ್ತಾದರೊಬ್ಬರು ರಫು ಮಾಡುತ್ತಿದ್ದರು. ಅವರ ಪಕ್ಕ ಕೂತು ಕಲಿತೆ. ಸೀರೆಯ ಮೈ ಹಾಸಿಗೂ (ಉದ್ದಕ್ಕೆ ಬಿಗಿದ ದಾರಗಳಿಗೂ) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುವ ತೋಪ್ ತೆನಿ ನೋಡುತ್ತ ಬೆಳೆದವನಿಗೆ ಎಳೆಗೆ ಎಳೆ ಸೇರಿಸುವುದು ಹೊಸದಲ್ಲ. ಹೊಸದಾಗಿ ಕಲಿಯಬೇಕಾಗಿದ್ದು ಗಂಟು.

ಇರಾನಿನಲ್ಲೇ ಕಾಶಾನ್, ಇಸ್ಫಹಾನ್, ಕೆರ್ಮಾನ್ ಊರುಗಳ ಕಡೆಯ ಗಂಟಿನಲ್ಲಿ ಉಣ್ಣೆಯ ಎಳೆ ಹಾಸಿನ ಒಂದು ದಾರವನ್ನು ಸುತ್ತಿಕೊಳ್ಳುತ್ತದೆ, ಪಕ್ಕದ್ದರ ಹಿಂದೆ ಬರೀ ಹಾದು ಬರುತ್ತದೆ. ತಬ್ರೀಜಿನವರು ಎರಡೂ ದಾರಗಳನ್ನು ಸುತ್ತಿ, ತುದಿಗಳೆರಡನ್ನೂ ನಡುವಿನಿಂದ ಹೊರಗೆಳೆಯುತ್ತಾರೆ. ಅದಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಚಾಕು ಬೇಕು, ಅವರು ಕುಲ್ಲಾಬ್ ಅನ್ನುತ್ತಾರೆ. ವ್ಯಾಪಾರಿಗಳು ಮೊದಲನೆಯದಕ್ಕೆ ಪರ್ಷಿಯನ್ ಗಂಟು, ಎರಡನೆಯದಕ್ಕೆ ಟರ್ಕಿಶ್ ಗಂಟು ಎಂದು ಹೆಸರಿಟ್ಟಿದ್ದಾರೆ. ಹಾಗಾಗಿ ತಬ್ರೀಜ್ ಮಾಲು ನೋಡಿ ‘ಇದು ಇರಾನಿಂದಲ್ಲ’ ಎಂದು ಜಗಳಕ್ಕೆ ಬರುವ ಗಿರಾಕಿಗಳು ಇದ್ದೇ ಇರುತ್ತಾರೆ! ಗಂಟಿನ ದಟ್ಟಣೆಯ ಲೆಕ್ಕ ರಜ್. ಸುಮಾರು 7 ಸೆಂ.ಮೀ. ಅಗಲದಲ್ಲಿ 50 ಗಂಟು ಕೂತಿದ್ದರೆ ಅದು 50 ರಜ್, ಅಂದರೆ ಚದರ ಮೀಟರಿಗೆ 5 ಲಕ್ಷ ಗಂಟಿಗೂ ಮಿಕ್ಕಿ.

ಈ ಕಾಶಾನ್ ಕಂಬಳಿಯ ಅಂಚಿನ ಪಟ್ಟಿಯ ಮೇಲೆ ಮನೆಯವರು ಗಿಡದ ಕುಂಡ ಇಟ್ಟಿದ್ದರು. ನೀರು ಜಿನುಗಿ ಜಿನುಗಿ ಅಡಿಯ ಹತ್ತಿ ಕೊಳೆತಿತ್ತು. ಉಣ್ಣೆ ಅಷ್ಟು ಬೇಗ ಹಾಳಾಗುವುದಿಲ್ಲ, ಆದ್ದರಿಂದ ಮೇಲಿನಿಂದ ಬರೀ ಕಲೆ ಕಂಡಿತು. ಬಾಗಿಸಿದಾಗ ದಾರಗಳು ಚಟಚಟ ಮುರಿದವು. ಕೊಳೆತ ಜಾಗಕ್ಕೆ ಅಡಿಯಿಂದ ಬಟ್ಟೆ ಹೊಲಿದು, ಬಿಳಿ ಬಟ್ಟೆ ಒದ್ದೆ ಮಾಡಿ ಒಂದೊಂದು ಬಣ್ಣದ ಮೇಲೂ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿಯಾದ ಮೇಲೆ ತೊಳೆದೆ. ತೊಳೆಯದ ಕಂಬಳಿಗೆ ಬಣ್ಣ ಹೊಂದಿಸಲು ಹೋದರೆ ಹೊಂದಿಸುವುದು ಕೊಳೆಯ ಬಣ್ಣಕ್ಕೆ.

ಮರದ ಚೌಕಟ್ಟಿಗೆ ಬಿಗಿದು ಕೊಳೆತದ್ದನ್ನು ಕತ್ತರಿಸಿದಾಗ ಅಂಗೈಯಗಲದ ಕಲೆ ಅದಕ್ಕಿಂತ ದೊಡ್ಡ ತೂತಾಯಿತು. ಗಟ್ಟಿ ದಾರ ಸಿಗುವ ತನಕ ಕತ್ತರಿಸಲೇಬೇಕು, ಇಲ್ಲಿ ದಯೆ ತೋರಿಸಬಾರದು. ಹುರಿಮಾಡಿದ ಹತ್ತಿ ದಾರವನ್ನು ಸೂಜಿಗೆ ಪೋಣಿಸಿ, ಹಳೆಯ ಹಾಸಿನ ಪಕ್ಕದಲ್ಲೇ ಗಂಟುಗಳ ಒಳಗಿಂದ ತೂರಿಸಿ, ತೂತಿನ ಈ ದಡದಿಂದ ಆ ದಡಕ್ಕೆ ಎಳೆದೆ. ಒಂದು ದಾರ ಒಳಗೆ ಉದ್ದ ಹೋದರೆ ಪಕ್ಕದ್ದು ಗಿಡ್ಡ. ಎಲ್ಲವೂ ಒಂದೇ ಗೆರೆಯಲ್ಲಿ ನಿಂತರೆ ಮುಂದೆ ಆ ಗೆರೆಯಲ್ಲೇ ಹರಿಯುತ್ತದೆ. ಬಿಗಿ ಹೆಚ್ಚಾದರೆ ಸುತ್ತ ಸುಕ್ಕು, ಕಡಿಮೆಯಾದರೆ ಬೊಕ್ಕೆ. ಇದಕ್ಕೆ ಅಳತೆ ಇಲ್ಲ, ಬೆರಳಿನಿಂದ ಮೀಟಿ ನೋಡಬೇಕು.

ಆಮೇಲೆ ಒಂದು ಸಾಲು ಗಂಟು, ಎರಡು ಹೊಕ್ಕು. ಮೊದಲನೆಯ ಹೊಕ್ಕು ಬಿಗಿ, ಎರಡನೆಯದು ಸಡಿಲ. ಅದರಿಂದಲೇ ಹಾಸಿನ ಒಂದು ದಾರ ಬಿಟ್ಟು ಒಂದು ಹಿಂದಕ್ಕೆ ಸರಿದು ಕಂಬಳಿ ಗಡಸಾಗುವುದು. ಈ ಕಂಬಳಿಯ ಹೊಕ್ಕು ತಿಳಿನೀಲಿ ಹತ್ತಿ, ಕಾಶಾನಿನಲ್ಲಿ ಬಹಳ ಕಾಣುವಂಥದ್ದು. ನಾನೂ ನೀಲಿಯನ್ನೇ ಹಾಕಿದೆ. ಕೈಯಾಡಿಸಿ ಉಣ್ಣೆ ಯಾವ ಕಡೆ ಮಲಗುತ್ತದೆಂದು ನೋಡಿಕೊಂಡು ಗಂಟಿನ ತುದಿಯನ್ನು ಆ ಕಡೆಗೇ ಎಳೆದೆ. ತಿರುಗಾಮುರುಗಾ ಆದರೆ ಬಣ್ಣ ಎಷ್ಟು ಹೊಂದಿದ್ದರೂ ತೇಪೆ ಕಪ್ಪಾಗಿ ಕಾಣುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಬಣ್ಣ. ಹಳೆಯ ಬಣ್ಣಗಾರರ ಸಾಮಾನು ನಮಗೆ ಅಪರಿಚಿತವೇನಲ್ಲ: ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು ರೂನಾಸ್, ನೀಲಿಗೆ ನೀಲಿಗಿಡ, ಕಂದು ಬಣ್ಣಕ್ಕೆ ಅಕ್ರೋಟಿನ ಹಸಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಬಣ್ಣ ಹಿಡಿಯಲು ಪಟಿಕ. ಕಷ್ಟ ಏನೆಂದರೆ ಹಳೆಯ ಉಣ್ಣೆ ತುದಿಯಲ್ಲಿ ಮಾಸಿರುತ್ತದೆ, ಬುಡದಲ್ಲಿ ಹೊಳೆಯುತ್ತದೆ. ಹೊಸ ಉಣ್ಣೆ ಉದ್ದಕ್ಕೂ ಒಂದೇ. ನಾನು ಹರಿದ ಹಳೆಯ ಕಿಲೀಮುಗಳನ್ನು (ಗಂಟಿಲ್ಲದೆ ನೇಯ್ದ, ಜಮಖಾನದಂಥವು) ಬಿಚ್ಚಿ ಆ ಉಣ್ಣೆ ಬಳಸುತ್ತೇನೆ, ಹಗಲು ಬೆಳಕಿನಲ್ಲಿ ತುದಿಯ ಬಣ್ಣಕ್ಕೆ ಹೊಂದಿಸುತ್ತೇನೆ. ಒಂದೇ ಕೆಂಪು ಸಾಲದು. ಮೂಲದಲ್ಲೇ ಬೇರೆ ಬೇರೆ ಸಲ ಬಣ್ಣ ಹಾಕಿದ ಉಣ್ಣೆಯಿಂದ ಬಂದ ಪಟ್ಟೆ ಪಟ್ಟೆ ಛಾಯೆ, ಅಬ್ರಶ್, ಇರುತ್ತದೆ. ಅದಕ್ಕೆ ಹತ್ತಿರಹತ್ತಿರದ ಮೂರು ಕೆಂಪು ಬೆರೆಸಿದೆ.

ಹಳೆಯದನ್ನು ಬಿಚ್ಚಿ ಹಳೆಯದಕ್ಕೆ ಹಾಕುವುದಕ್ಕೆ ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಇರಾನಿನ ಹೆಸರಾಂತ ಅರ್ದಬೀಲ್ ಕಂಬಳಿಯ ಕಥೆ ಹೇಳುತ್ತೇನೆ. ಹಿಜರಿ 946 (ಕ್ರಿ.ಶ. 1539-40) ಎಂದು ನೇಯ್ದೇ ಬರೆದಿರುವ ಆ ಕಂಬಳಿಯನ್ನು 1893ರಲ್ಲಿ ಲಂಡನ್ನಿನ ಮ್ಯೂಸಿಯಂ 2,000 ಪೌಂಡ್ ಕೊಟ್ಟು ಕೊಂಡಿತು. ಮಾರುವ ಮೊದಲು ಅದಕ್ಕೆ ತೇಪೆಯಾದದ್ದು ಅದರದೇ ಜೋಡಿ. ಹಾಗೆ ಕತ್ತರಿಸಿಕೊಂಡು ಚಿಕ್ಕದಾದ ಆ ಜೋಡಿ ಈಗ ಲಾಸ್ ಏಂಜಲೀಸ್‌ನಲ್ಲಿದೆ. ನಾನು ಅಷ್ಟು ಕಟುಕನಲ್ಲ, ನನ್ನದು ಕೊನೆಗಾಲದ ಕಿಲೀಮು.

ಹೋದ ವಿನ್ಯಾಸವನ್ನು ಊಹಿಸಬೇಕಾಗಲಿಲ್ಲ. ನಡುವೆ ಪದಕ, ಮೂಲೆಗಳಲ್ಲಿ ಅದರ ತುಂಡು ಇರುವ ಇಂಥ ಕಂಬಳಿಗೆ ಕಾಲುಭಾಗ ಬರೆದರೆ ಸಾಕು, ಉಳಿದದ್ದು ಕನ್ನಡಿಬಿಂಬ. ಎದುರು ಮೂಲೆಯ ಬೆನ್ನಿನಿಂದ ಗಂಟು ಎಣಿಸಿ ಚೌಕುಳಿ ಕಾಗದದಲ್ಲಿ ಇಳಿಸಿಕೊಂಡೆ. ಎಣಿಸುವಾಗ ಒಂದು ಹೂವಿನ ಎಸಳು ಪಕ್ಕದ್ದಕ್ಕಿಂತ ಒಂದು ಗಂಟು ದಪ್ಪ ಇತ್ತು. ಕಾಶಾನಿನಲ್ಲಿ ನೇಯುವವರು ಹೆಚ್ಚಾಗಿ ಹೆಂಗಸರೇ, ತಾಯಿ ಅಜ್ಜಿಯರಿಂದ ಮಗ್ಗದ ಮುಂದೆಯೇ ಕಲಿತವರು. ಅವರ ಈ ನೇಯ್ಗೆಯನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನೇಯುವಾಗ ಮುಂದಿದ್ದ ನಕ್ಷೆ ಹೇಳಿದ್ದಕ್ಕಿಂತ ಒಂದು ಗಂಟು ಹೆಚ್ಚು ಹಾಕಿದಾಕೆ ಯಾಕೆ ಹಾಕಿದಳೋ, ಅದನ್ನು ತಿದ್ದುವುದು ನನ್ನ ಕೆಲಸವಲ್ಲ. ಹಾಗೇ ಕಟ್ಟಿದೆ.

ಕೊನೆಗೆ ಹಬೆ ಕೊಟ್ಟು, ಬಾಗಿದ ಕತ್ತರಿಯಿಂದ ಸುತ್ತಲಿನ ಎತ್ತರಕ್ಕೆ ಕತ್ತರಿಸಿದ್ದು. ಒಂದೇ ಸಲಕ್ಕೆ ಅಲ್ಲ, ಸ್ವಲ್ಪ ಸ್ವಲ್ಪ. ಬೆನ್ನಲ್ಲಿ ತೇಪೆ ಈಗಲೂ ಗೊತ್ತಾಗುತ್ತದೆ, ಹೊಸ ಹೊಕ್ಕು ಹಳೆಯದಕ್ಕಿಂತ ಶುಭ್ರ. ಚಹಾ ಸವರಿ ಅದನ್ನೂ ಮರೆಮಾಚುವವರಿದ್ದಾರೆ, ನಾನು ಮಾಡುವುದಿಲ್ಲ. ಮುಂದೆ ಕೊಳ್ಳುವವನಿಗೆ ರಿಪೇರಿ ಎಲ್ಲಿ ಆಗಿದೆಯೆಂದು ತಿಳಿಯಬೇಕು.

ಒಯ್ಯಲು ಬಂದ ಮನೆಯೊಡತಿ ಎರಡೂ ತುದಿಯ ಸವೆದ ಕುಚ್ಚು ಕಿತ್ತು ರೆಡಿಮೇಡ್ ಕುಚ್ಚು ಹೊಲಿದುಕೊಡಿ ಎಂದರು. ಆ ಕುಚ್ಚು ಅಲಂಕಾರಕ್ಕೆ ಇಟ್ಟದ್ದಲ್ಲ, ಹಾಸಿನ ದಾರಗಳದೇ ತುದಿ, ಕಿತ್ತರೆ ಕೊನೆಯ ಸಾಲಿನ ಗಂಟು ಜಾರಲು ಶುರುವಾಗುತ್ತದೆ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಎರಡೂ ತುದಿಗೆ ಬಿಗಿಯಾಗಿ ಕಟ್ಟುಹೊಲಿಗೆ ಹಾಕಿ, ಸವೆದ ಕುಚ್ಚಿನ ಸಮೇತ ಸುರುಳಿ ಸುತ್ತಿಕೊಟ್ಟೆ.