ಹಿಮ ಬರೆಯಬೇಕೇ? ಬಿಳಿ ಟ್ಯೂಬ್ ಆಮೇಲೆ ತೆಗೆಯಿರಿ

ಎಣ್ಣೆ ಬಣ್ಣದಲ್ಲಿ ಹಿಮದ ಚಿತ್ರ ಬರೆಯಲು ಕೂತವರು ಮೊದಲು ಹಿಚುಕುವುದು ಬಿಳಿ ಟ್ಯೂಬನ್ನೇ. ನಾನೂ ಹಾಗೇ ಮಾಡಿದ್ದೆ. ಮುಗಿಸಿ ದೂರ ನಿಂತು ನೋಡಿದರೆ, ಸುಣ್ಣ ಹೊಡೆದ ಕಾಂಪೌಂಡ್ ಗೋಡೆ!

ಈ ತಪ್ಪು ತಿದ್ದಿಕೊಳ್ಳಲು ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆಯ ‘ಮ್ಯಾಗ್‌ಪೈ’ ಚಿತ್ರವನ್ನು ಮುಂದಿಟ್ಟುಕೊಂಡು ನಕಲು ಮಾಡುವುದು ಒಳ್ಳೆಯದು. ಫ್ರಾನ್ಸಿನ ಎಟ್ರೆಟಾ ಊರಿನ ಹತ್ತಿರ 1868–69ರ ಚಳಿಗಾಲದಲ್ಲಿ ಬರೆದದ್ದು. ಹಿಮ ಹೊದ್ದ ಬೇಲಿ, ಗೇಟಿನ ಮೇಲೊಂದು ಕಪ್ಪು-ಬಿಳಿ ಹಕ್ಕಿ. ಬಿಸಿಲು ಬೇಲಿಯ ಹಿಂದಿನಿಂದ ಬರುತ್ತದೆ, ನೆರಳು ನಮ್ಮ ಕಡೆಗೆ ಚಾಚಿದೆ. ಆ ನೆರಳು ನೀಲಿ. 1869ರಲ್ಲಿ ಪ್ಯಾರಿಸ್‌ನ ಸಲೋನ್ ಪ್ರದರ್ಶನದವರು ಇದನ್ನು ಬೇಡ ಅಂದಿದ್ದರು. ಈಗ ಪ್ಯಾರಿಸ್‌ನಲ್ಲೇ ಒರ್ಸೆ ಮ್ಯೂಸಿಯಂನಲ್ಲಿದೆ.

ನೆರಳು ಯಾಕೆ ನೀಲಿ? ಅಲ್ಲಿಗೆ ನೇರ ಬಿಸಿಲು ತಲುಪುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಹಿಮ ತನ್ನ ಮೇಲೆ ಬಿದ್ದ ಬಣ್ಣವನ್ನೇ ತೋರಿಸುತ್ತದೆ, ಅಷ್ಟೇ.

ಬಣ್ಣ ಐದು ಸಾಕು: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್, ಅಲಿಜರಿನ್ ಕ್ರಿಮ್ಸನ್. ಕಪ್ಪು ಕೊಳ್ಳಬೇಡಿ. 12×16 ಇಂಚಿನ ಕ್ಯಾನ್ವಾಸ್, ಎರಡು ಚಪ್ಪಟೆ ಬ್ರಷ್, ಒಂದು ಸಣ್ಣ ಬ್ರಷ್, ಪ್ಯಾಲೆಟ್ ನೈಫ್ (ಬಣ್ಣ ಕಲಸುವ ಚಪ್ಪಟೆ ಚಾಕು) ಇರಲಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿಡಿ.

ಮೊದಲು ಬರ್ನ್ಟ್ ಸಿಯೆನಾವನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕಲಸಿ ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿ. ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಹಚ್ಚಿದರೂ ಕಪ್ಪಗೇ ಕಾಣುತ್ತದೆ. ಕಂದು ಅಡಿಬಣ್ಣವಿದ್ದರೆ ಹಿಮ ಎಷ್ಟು ತಿಳಿಯಾಗಿರಬೇಕೆಂದು ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಅದು ಒಣಗಿದ ಮೇಲೆ ಬೇಲಿ, ಮರ, ಮನೆಯ ಜಾಗ ಗುರುತು ಮಾಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸಿದರೆ ಕಪ್ಪಿಗಿಂತ ಚೆಂದದ ಗಾಢ ಬಣ್ಣ ಸಿಗುತ್ತದೆ. ಹತ್ತಿರದ ಮರಕ್ಕೆ ಅದು. ದೂರದ ಮರಗಳಿಗೆ ಅದಕ್ಕೇ ಬಿಳಿ, ನೀಲಿ ಸೇರಿಸಿ ಮಾಸಲು ಮಾಡಿ.

ಈಗ ಮುಖ್ಯ ಕೆಲಸ: ನೆರಳು. ಬಿಳಿಗೆ ಅಲ್ಟ್ರಾಮರೀನ್, ಚಿಟಿಕೆಯಷ್ಟು ಕ್ರಿಮ್ಸನ್. ಇಲ್ಲಿ ಧೈರ್ಯ ಬೇಕು. ಪ್ಯಾಲೆಟ್ಟಿನಲ್ಲಿ ‘ಅಯ್ಯೋ, ಜಾಸ್ತಿ ಆಯ್ತಲ್ಲ’ ಅನ್ನಿಸುವ ನೀಲಿ, ಪಕ್ಕದಲ್ಲಿ ಬಿಸಿಲು ಬಂದ ಮೇಲೆ ಸರಿಹೋಗುತ್ತದೆ. ಬೇಲಿಯ ನೆರಳನ್ನು ಸ್ಕೇಲ್ ಇಟ್ಟಂತೆ ನೇರ ಎಳೆಯಬೇಡಿ. ನೆಲ ಉಬ್ಬಿದಲ್ಲಿ ಅದೂ ಉಬ್ಬಬೇಕು, ತಗ್ಗಿದಲ್ಲಿ ಇಳಿಯಬೇಕು. ಹಿಮದ ದಪ್ಪ ಕಾಣುವುದು ಹೀಗೆಯೇ. ಆಗಾಗ ಕಣ್ಣು ಕಿರಿದು ಮಾಡಿ ನೋಡಿ.

ಬಿಸಿಲಿನ ಜಾಗಕ್ಕೆ ಬಿಳಿಯಲ್ಲಿ ಒಂಚೂರು ಓಕರ್ ಕಲಸಿ ಕೆನೆ ಬಣ್ಣ ಮಾಡಿ. ಇದನ್ನು ನೈಫಿನಲ್ಲಿ ದಪ್ಪಗೆ, ದೋಸೆ ಮೇಲೆ ಬೆಣ್ಣೆ ಇಟ್ಟಂತೆ ಇಟ್ಟು ಬಿಟ್ಟುಬಿಡಿ. ತೀಡಿದರೆ ಕೆಳಗಿನ ನೀಲಿ ಬೆರೆತು ಕೆಸರಾಗುತ್ತದೆ. ಅಪ್ಪಟ ಬಿಳಿ ಏನಿದ್ದರೂ ಬೇಲಿಯ ಅಂಚಿಗೆ ನಾಲ್ಕೈದು ಚುಕ್ಕೆ. ಹಕ್ಕಿ ಕೊನೆಗೆ, ಸಣ್ಣ ಬ್ರಷ್‌ನಲ್ಲಿ.

ಅಂದಹಾಗೆ, ಬೆಂಗಳೂರಿನವರು ಚಿತ್ರಕಲಾ ಪರಿಷತ್ತಿಗೆ ಹೋಗಿ ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ ಬರೆದ ಹಿಮಾಲಯದ ಚಿತ್ರಗಳನ್ನೂ ನೋಡಬಹುದು. ಅವರು ಹೆಚ್ಚಾಗಿ ಬಳಸಿದ್ದು ಎಣ್ಣೆ ಬಣ್ಣವಲ್ಲ, ನೀರಿನಲ್ಲಿ ಕಲಸುವ ಟೆಂಪೆರಾ. ಆದರೂ ಹಿಮದಲ್ಲಿ ಎಷ್ಟು ಬಣ್ಣ ಅಡಗಿದೆ ಅಂತ ತಿಳಿಯುತ್ತದೆ.

ಮೇಲಿನ ಪದರಕ್ಕೆ ಎಣ್ಣೆ ಬೇಕಾದರೆ ಅಗಸೆ ಎಣ್ಣೆ ಬದಲು ಗಸಗಸೆ ಎಣ್ಣೆ ಹಾಕಿ. ಅಗಸೆ ಎಣ್ಣೆ ಬಿಳಿಯನ್ನು ಬೇಗ ಹಳದಿ ಮಾಡುತ್ತದೆ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ. ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಿರಿ. ಅಲ್ಲಿವರೆಗೆ ಚಿತ್ರವನ್ನು ಬೀರುವಿನ ಹಿಂದೆ ಕತ್ತಲಲ್ಲಿ ಇಡಬೇಡಿ. ಈಗಾಗಲೇ ಇಟ್ಟು ಹಳದಿಯಾಗಿದ್ದರೆ ಕಿಟಕಿ ಬೆಳಕಿಗೆ ತನ್ನಿ, ಬಣ್ಣ ಬಹುಪಾಲು ತಿಳಿಯಾಗುತ್ತದೆ.